ಎರಡು ಕೈಯ ಆಟ

ಕ್ರಿಕೆಟ್ಟಿನಲ್ಲಿ ಆಲ್‌ರೌಂಡರ್ ಎಂಬ ಮಾತೊಂದುಂಟು. ದಾಂಡು ಹಿಡಿದರೆ ಓಟ ಗಳಿಸುವವನು, ಚೆಂಡು ಕೊಟ್ಟರೆ ವಿಕೆಟ್ಟು ಕೀಳುವವನು, ಎರಡೂ ಇಲ್ಲದ ಹೊತ್ತಿನಲ್ಲಿ ಮೈದಾನದ ಒಂದು ಮೂಲೆಯನ್ನು ಎಚ್ಚರದಿಂದ ಕಾಯುವವನು—ಅವನಿಗೆ ಆ ಹೆಸರು. ನಮ್ಮ ಕನ್ನಡ ಪತ್ರಿಕೆಗಳು ಅವನನ್ನು ‘ಸವ್ಯಸಾಚಿ’ ಎಂದು ಕರೆದವು. ಯಾರು ಮೊದಲು ಹಾಗೆ ಕರೆದರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ವಿರಾಟಪರ್ವದಲ್ಲಿ ಬನ್ನಿಯ ಮರದ ಹತ್ತಿರ ಅಂಜಿ ನಡುಗುವ ಉತ್ತರಕುಮಾರನಿಗೆ ಬೃಹನ್ನಳೆ ತನ್ನ ಹತ್ತು ಹೆಸರುಗಳನ್ನು ಹೇಳುವ ಸಂದರ್ಭವಿದೆಯಲ್ಲ, ಆ ಹತ್ತರಲ್ಲಿ ಒಂದು ಸವ್ಯಸಾಚಿ. ಎರಡು ಕೈಯಿಂದಲೂ ಗಾಂಡೀವವನ್ನು ಸೆಳೆಯಬಲ್ಲವನು ಎಂದರ್ಥ. ಸವ್ಯ ಎಂದರೆ ಎಡಗೈ. ಬಲಗೈಯಿಂದ ಬಾಣ ಬಿಡುವವರು ಎರಡು ಪಾಳೆಯದಲ್ಲೂ ಬೇಕಾದಷ್ಟು ಜನ ಇದ್ದರು. ಎಡಗೈಗೂ ಅದೇ ವಿದ್ಯೆ ಬಂದದ್ದರಿಂದ ಅರ್ಜುನನಿಗೆ ಈ ಬಿರುದು ಬಂತು.

ಆದರೆ ಆ ಹೆಸರನ್ನು ಅವನು ಹೇಳಿಕೊಂಡದ್ದು ಯಾವಾಗ ಎಂಬುದನ್ನು ಗಮನಿಸಬೇಕು. ಒಂದು ವರ್ಷ ಪೂರ್ತಿ ವಿರಾಟನ ಅಂತಃಪುರದಲ್ಲಿ ಉತ್ತರೆಗೆ ನಾಟ್ಯ ಕಲಿಸಿದ್ದಾನೆ. ಅಲ್ಲಿ ಯಾರಿಗೂ ಅವನು ಬಿಲ್ಲುಗಾರನೆಂದು ಗೊತ್ತಿಲ್ಲ. ಒಳ್ಳೆಯ ನಾಟ್ಯದ ಗುರು ಎಂದಷ್ಟೆ ಗೊತ್ತು. ದನಗಳನ್ನು ಕೌರವರು ಹೊಡೆದುಕೊಂಡು ಹೋದ ದಿನ, ಊರಿನಲ್ಲಿ ಬೇರೆ ಯಾರೂ ಇಲ್ಲದ ದಿನ, ಇನ್ನೊಂದು ವಿದ್ಯೆ ಬೇಕಾಯಿತು. ನನಗೆ ತೋರುವ ಮಟ್ಟಿಗೆ ಸವ್ಯಸಾಚಿಯ ಬಾಳೆಲ್ಲ ಇಷ್ಟೆ: ಒಂದು ಕೈಯ ಕೆಲಸವನ್ನು ಲೋಕ ಕಾಣುತ್ತಿರುತ್ತದೆ, ಇನ್ನೊಂದು ಕೈ ತನ್ನ ದಿನಕ್ಕಾಗಿ ಕಾಯುತ್ತಿರುತ್ತದೆ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಂಥ ಎರಡು ಕೈಯವರಿಗೆ ಬರಗಾಲವಿಲ್ಲ. ಇಲ್ಲಿ ಊರೆಂದರೆ ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿದ ಕೇರಿಯಲ್ಲ. ಇಲ್ಲೊಂದು ಮನೆ, ಕಣಿವೆಯ ಆಚೆ ಇನ್ನೊಂದು, ನಡುವೆ ತೋಟ, ಹೊಳೆ, ಸೊಪ್ಪಿನ ಬೆಟ್ಟ. ಕರೆದ ಕೂಡಲೆ ಬರುವ ಕಸುಬುದಾರ ಯಾರೂ ಇಲ್ಲ. ಆದ್ದರಿಂದ ಮನೆಯ ಯಜಮಾನನೇ ಬೆಳಿಗ್ಗೆ ದೇವರ ತಲೆಯ ಮೇಲೆ ನೀರು ಹಾಕಿ, ಹತ್ತು ಗಂಟೆಗೆ ತೋಟದ ಕಾಲುವೆಯ ಕಸ ತೆಗೆದು, ಮಧ್ಯಾಹ್ನ ಕೆಟ್ಟ ಪಂಪನ್ನು ಬಿಚ್ಚಿ ಜೋಡಿಸಿ, ಸಂಜೆ ಸೊಸೈಟಿಯ ಲೆಕ್ಕ ನೋಡಿ, ರಾತ್ರಿ ತಾಳಮದ್ದಲೆಗೆ ಅರ್ಥ ಹೇಳಲು ಹೊರಡುತ್ತಾನೆ. ಮರುದಿನ ಯಾರದೋ ಮನೆಯ ಉಪನಯನದಲ್ಲಿ ಪಾಯಸದ ಕೊಳಗದ ಮುಂದೆ ನಿಂತವನೂ ಅವನೇ. ಶಿರಸಿ ತಾಲೂಕಿನವರಾದ ಹೊಸ್ತೋಟ ಮಂಜುನಾಥ ಭಾಗವತರು ೨೦೨೦ರಲ್ಲಿ ತೀರಿಕೊಂಡರು. ಅವರು ಪದ ಹೇಳಿದರು, ಕುಣಿತ ಕಲಿಸಿದರು, ಪ್ರಸಂಗಗಳನ್ನು ಬರೆದರು, ಕಣ್ಣಿಲ್ಲದ ಮಕ್ಕಳಿಗೂ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ಅಷ್ಟೆಲ್ಲ ಮಾಡಿದ ಮೇಲೂ ಊರಿನವರು ಅವರನ್ನು ಕರೆದದ್ದು ‘ಭಾಗವತರು’ ಎಂದೇ. ಒಂದು ಹೆಸರಿನೊಳಗೆ ಇಷ್ಟು ಕೆಲಸವನ್ನು ತುಂಬಿಡುವುದು ನಮ್ಮ ಕಡೆಯ ರೂಢಿ.

ಇಂಥ ಸೀಮೆಯಲ್ಲಿ ಕ್ರಿಕೆಟ್ಟು ಹೇಗೆ ಬೇರೂರಿತು ಎಂಬುದೇ ಸೋಜಿಗ. ಆ ಆಟಕ್ಕೆ ಮೊದಲು ಬೇಕಾದದ್ದು ಸಮತಟ್ಟಾದ ನೆಲ. ನಮ್ಮಲ್ಲಿ ಸಮತಟ್ಟಾದ ನೆಲವೆಂದರೆ ಮನೆಯ ಮುಂದಿನ ಅಂಗಳ, ಗದ್ದೆಯ ಹಾಳಿ, ಶಾಲೆಯ ಬಯಲು, ಇಷ್ಟೆ. ಅಂಗಳದಲ್ಲಿ ಕೊನೆಕೊಯ್ಲಿನಿಂದ ಶಿವರಾತ್ರಿಯವರೆಗೆ ಅಡಿಕೆ ಒಣಗುತ್ತಿರುತ್ತದೆ. ಅಲ್ಲಿ ಕಾಲಿಟ್ಟರೆ ಹಿರಿಯರ ಕಣ್ಣು ಕೆಂಪಾಗುತ್ತದೆ. ಜೂನ್ ಬಂತೆಂದರೆ ಮಳೆ. ನಡುವೆ ಉಳಿದ ಎರಡೂವರೆ ತಿಂಗಳೇ ನಮ್ಮ ಕ್ರಿಕೆಟ್ ಋತು. ದಾಂಡು ತೆಂಗಿನ ಹೆಡೆಯ ಬುಡದಿಂದ ಕೆತ್ತಿದ್ದು. ಚೆಂಡು ಬಟ್ಟೆಯ ಉಂಡೆ, ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ತೋಟದ ಇಳಿಜಾರು. ತೋಟಕ್ಕೆ ಚೆಂಡು ಇಳಿಸಿದವನು ಔಟು, ಅದನ್ನು ಹುಡುಕಿ ತರುವ ಹೊಣೆಯೂ ಅವನದೇ. ಇಂಗ್ಲೆಂಡಿನ ನಿಯಮಗಳ ಪುಸ್ತಕದಲ್ಲಿ ಇದು ಇರಲಾರದು. ನಮಗೆ ಇದೇ ಮೊದಲ ನಿಯಮ.

ನಾನು ಎಡಚ. ಹಾಗಾಗಿ ಈ ನಿಯಮದಿಂದ ನನಗೊಂದು ಲಾಭವಾಯಿತು. ಬಲಗೈಯವರು ಜೋರಾಗಿ ಎಳೆದು ಹೊಡೆದರೆ ಚೆಂಡು ನೇರ ತೋಟಕ್ಕೆ. ನಾನು ಹಾಗೆಯೇ ಎಳೆದು ಹೊಡೆದರೆ ಧರೆಗೆ ಬಡಿದು ತಿರುಗಿ ಬರುತ್ತಿತ್ತು. ಮೂರು ಜನ ಅಣ್ಣಂದಿರು ಔಟಾದ ಮೇಲೂ ನಾನು ಉಳಿದಿರುತ್ತಿದ್ದೆ. ಅದೇ ಎಡಗೈಯನ್ನು ಊಟದ ಎಲೆಯ ಮುಂದೆ ಚಾಚಿದರೆ ಅಜ್ಜಿಯ ಮರದ ಸೌಟು ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಊಟ, ಬರಹ, ಸಂಧ್ಯಾವಂದನೆ ಎಲ್ಲ ಬಲಗೈಗೆ ಹೋದವು. ಎಡಗೈಗೆ ಆಟ ಒಂದು ಉಳಿಯಿತು. ಎಡಗೈಯವರ ಮೇಲೆ ನನಗಿರುವ ಪಕ್ಷಪಾತಕ್ಕೆ ಇದು ಕಾರಣ. ಸುನೀಲ ಜೋಶಿಯವರ ಹೆಸರು ಪತ್ರಿಕೆಗಳಲ್ಲಿ ಕಾಣತೊಡಗಿದಾಗ ನಾನು ಮೊದಲು ಗಮನಿಸಿದ್ದು ಅವರ ಊರನ್ನಲ್ಲ. ದಾಂಡಿಗೂ ಎಡಗೈ, ಚೆಂಡಿಗೂ ಎಡಗೈ ಎಂಬುದನ್ನು.

ಊರನ್ನು ಗಮನಿಸಿದ ಮೇಲೆ ಅಭಿಮಾನ ಇಮ್ಮಡಿಯಾಯಿತು. ಗದಗು! ಕುಮಾರವ್ಯಾಸನು ವೀರನಾರಾಯಣನ ಸನ್ನಿಧಿಯಲ್ಲಿ ಕೂತು ಅರ್ಜುನನ ಕಥೆ ಬರೆದನೆಂದು ನಾವೆಲ್ಲ ನಂಬಿರುವ ಊರು. ಇನ್ನೊಬ್ಬ ಜೋಶಿ, ಭೀಮಸೇನ ಜೋಶಿಯವರು, ಹನ್ನೊಂದರ ಹರೆಯದಲ್ಲಿ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೊರಟದ್ದೂ ಅಲ್ಲಿಂದಲೇ. ೧೯೭೦ರಲ್ಲಿ ಹುಟ್ಟಿದ ಈ ಜೋಶಿ ಮನೆಬಿಟ್ಟು ಹೋಗಲಿಲ್ಲ, ದಿನವೂ ಹೋಗಿ ದಿನವೂ ಬಂದರು. ಬೆಳಿಗ್ಗೆ ನಲವತ್ತು ಮೈಲು ಪ್ರಯಾಣ ಮಾಡಿ ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಗದಗಿಗೆ ತಿರುಗಿ ಬರುತ್ತಿದ್ದರೆಂಬ ಸಂಗತಿಯನ್ನು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ.

ಈ ನಲವತ್ತು ಮೈಲು ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು. ನಲವತ್ತು ಮೈಲು ಎಂದರೆ ಈಗಿನ ಲೆಕ್ಕದಲ್ಲಿ ೬೪ ಕಿಲೋಮೀಟರು. ಯಲ್ಲಾಪುರದಿಂದ ಕಿರವತ್ತಿ, ಕಲಘಟಗಿಯ ಮೇಲೆ ಹುಬ್ಬಳ್ಳಿಗೆ ೭೦ ಕಿಲೋಮೀಟರಿನ ಆಸುಪಾಸು. ಅಂದರೆ ಗದಗಿಗೆ ಹುಬ್ಬಳ್ಳಿ ಎಷ್ಟು ದೂರವೋ ಯಲ್ಲಾಪುರಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಶಿರಸಿಯವರು ಇನ್ನು ಮೂವತ್ತು ಕಿಲೋಮೀಟರು ಹೆಚ್ಚು ಹೋಗಬೇಕು, ಸಿದ್ದಾಪುರದವರು ಅದಕ್ಕೂ ಹೆಚ್ಚು. ಗದಗಿಗೆ ರೈಲುಂಟು, ನಮಗಿಲ್ಲ. ಹುಬ್ಬಳ್ಳಿ–ಅಂಕೋಲೆಯ ರೈಲು ದಶಕಗಳಿಂದ ಭಾಷಣಗಳ ಹಳಿಯ ಮೇಲೆ ಓಡುತ್ತಿದೆ. ಗದಗಿನಲ್ಲಿ ಬೀಳುವ ಮಳೆ ನಮ್ಮ ಮಳೆಯ ಮೂರರಲ್ಲಿ ಒಂದು ಪಾಲೂ ಅಲ್ಲ. ಅಲ್ಲಿ ಎರೆಯ ಬಯಲು, ನಮಗೆ ಕೆಮ್ಮಣ್ಣಿನ ಇಳಿಜಾರು. ನಮ್ಮಿಂದ ಯಾಕೆ ಒಬ್ಬ ಜೋಶಿ ಹೊರಡಲಿಲ್ಲ ಎಂಬುದಕ್ಕೆ ನಾವು ಹೇಳಿಕೊಳ್ಳುವ ನೆಪಗಳು ಇವು. ನೆಪಗಳು ಸುಳ್ಳಲ್ಲ. ಆದರೆ ಅವು ಪೂರ್ತಿ ನಿಜವೂ ಅಲ್ಲವೆಂದು ಮುಂದೆ ಆ ಜೋಶಿಯವರೇ ತೋರಿಸಿಕೊಟ್ಟರು. ಅದನ್ನು ಆಮೇಲೆ ಹೇಳುತ್ತೇನೆ.

ಅವರು ೧೯೯೨–೯೩ರಲ್ಲಿ ಕರ್ನಾಟಕದ ರಣಜಿ ತಂಡಕ್ಕೆ ಬಂದರು. ೧೯೯೫–೯೬ರ ಋತುವಿನಲ್ಲಿ ಐನೂರಕ್ಕೂ ಮೇಲೆ ಓಟ, ಐವತ್ತಕ್ಕೂ ಮೇಲೆ ವಿಕೆಟ್ಟು. ಒಂದೇ ಋತುವಿನಲ್ಲಿ ಈ ಎರಡನ್ನೂ ಕೂಡಿಸಿದವರು ರಣಜಿಯ ಚರಿತ್ರೆಯಲ್ಲಿ ಬೆರಳೆಣಿಕೆಯಷ್ಟು. ಆ ವರ್ಷದ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂತು. ೧೯೯೭–೯೮, ೧೯೯೮–೯೯ರಲ್ಲಿ ಮತ್ತೆ ಬಂತು. ೧೯೯೬ರ ಜೂನಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟು. ಅಲ್ಲೇ ಬೆರಳು ಮುರಿದುಕೊಂಡರು. ನಿಧಾನದ ಚೆಂಡನ್ನು ತಿರುಗಿಸುವವನಿಗೆ ಬೆರಳೆಂದರೆ ವೈಣಿಕನಿಗೆ ಬೆರಳಿದ್ದ ಹಾಗೆ. ಉಳಿದ ಮೈಯೆಲ್ಲ ಅದಕ್ಕೆ ಸೇವಕ. ಎಡಗೈ ಸ್ಪಿನ್ನರನು ಮೂರು ನಾಲ್ಕು ಹೆಜ್ಜೆ ಬಂದು, ಕೈ ಎತ್ತಿ, ತೋರುಬೆರಳಿನ ಒಳಬದಿಯಿಂದ ಚೆಂಡಿನ ಹೊಲಿಗೆಯನ್ನು ಕೀಲಿ ತಿರುಗಿಸಿದಂತೆ ತಿರುಗಿಸಿ ಬಿಡುತ್ತಾನೆ. ಅದು ಬಲಗೈ ದಾಂಡಿಗನ ಕಾಲಿನ ಕಡೆಯಿಂದ ಬಂದು, ನೆಲ ಕಚ್ಚಿ, ಅವನಿಂದ ದೂರ ಸರಿಯುತ್ತದೆ. ನಾಲ್ಕು ಹಾಗೆ ಸರಿದ ಮೇಲೆ ಐದನೆಯದು ಸರಿಯದೆ ನೇರ ನುಗ್ಗುತ್ತದೆ. ಮೋಸವೆಲ್ಲ ಆ ಐದನೆಯದರಲ್ಲಿ. ಶ್ರಮವೆಲ್ಲ ಮೊದಲ ನಾಲ್ಕರಲ್ಲಿ.

ಈ ಶ್ರಮದ ಲೆಕ್ಕ ಕಣ್ಣಿಗೆ ಕಾಣುವಂತಾದ ಒಂದು ದಿನ ೧೯೯೯ರ ಸೆಪ್ಟೆಂಬರ್ ೨೬. ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಒಂದು ದಿನದ ಪಂದ್ಯ. ಜೋಶಿಯವರು ಹತ್ತು ಓವರು ಹಾಕಿದರು, ಅವುಗಳಲ್ಲಿ ಆರರಲ್ಲಿ ಒಂದು ಓಟವೂ ಇಲ್ಲ, ಒಟ್ಟು ಕೊಟ್ಟದ್ದು ಆರು ಓಟ, ಪಡೆದದ್ದು ಐದು ವಿಕೆಟ್ಟು. ಎದುರಾಳಿಗಳು ೧೧೭ಕ್ಕೆ ಮುಗಿದರು. ಹತ್ತು, ಆರು, ಆರು, ಐದು: ನಮ್ಮ ಊರಿನ ಹುಡುಗರು ಈ ನಾಲ್ಕು ಅಂಕಿಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು. ಶಾಲೆಯ ಹತ್ತಿರದ ಬಸ್‌ನಿಲ್ದಾಣದ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದೂ ಇಟ್ಟಿದ್ದರು. ಅದೇ ಪಂದ್ಯದಲ್ಲಿ ಮೊದಲ ಸಲ ಭಾರತಕ್ಕೆ ಆಡಿದ ಇನ್ನೊಬ್ಬ ಕನ್ನಡಿಗ ಸವ್ಯಸಾಚಿ ವಿಜಯ ಭಾರದ್ವಾಜ. ಆ ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವ ಅವರದಾಯಿತು.

ಮುಂದಿನ ವರ್ಷ ನವೆಂಬರಿನಲ್ಲಿ ಢಾಕಾ. ಬಾಂಗ್ಲಾದೇಶ ಆಡಿದ ಮೊತ್ತಮೊದಲ ಟೆಸ್ಟು. ಕೊನೆಕೊಯ್ಲಿನ ಕಾಲ, ರಾತ್ರಿ ಚಪ್ಪರದ ಕೆಳಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತ ರೇಡಿಯೋ ವಾರ್ತೆ ಕೇಳುತ್ತಿದ್ದೆವು. ಹೊಸ ತಂಡವೆಂದು ಹಗುರವಾಗಿ ಎಣಿಸಿದ್ದವರಿಗೆ ಬಾಂಗ್ಲಾದೇಶ ನಾನೂರು ಓಟ ಹೊಡೆದು ತೋರಿಸಿತು. ಆ ನಾನೂರರ ನಡುವೆಯೂ ಜೋಶಿ ಐದು ವಿಕೆಟ್ಟು ತೆಗೆದರು, ೧೪೨ ಓಟ ಕೊಟ್ಟು. ಭಾರತದ ಸರದಿಯಲ್ಲಿ ಆರು ವಿಕೆಟ್ಟು ಬಿದ್ದು ತಂಡ ಬಾಗಿದಾಗ ನಾಯಕ ಗಂಗೂಲಿಯ ಜೊತೆ ನಿಂತು ೯೨ ಹೊಡೆದರು. ಎರಡನೆಯ ಸರದಿಯಲ್ಲಿ ಮತ್ತೆ ಮೂರು ವಿಕೆಟ್ಟು. ಬಾಂಗ್ಲಾದೇಶ ೯೧ಕ್ಕೆ ಕುಸಿಯಿತು, ಭಾರತ ಒಂಬತ್ತು ವಿಕೆಟ್ಟಿನಿಂದ ಗೆದ್ದಿತು, ಪಂದ್ಯಶ್ರೇಷ್ಠ ಜೋಶಿ. ಬಲಗೈ ಎಡಗೈ ಎರಡೂ ಒಂದೇ ಪಂದ್ಯದಲ್ಲಿ ಗಾಂಡೀವ ಎಳೆದ ಹಾಗಾಯಿತು. ನಾನು ಸುಲಿಯುತ್ತಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕದೆ ಸಿಪ್ಪೆಯ ರಾಶಿಗೆ ಹಾಕಿದೆನೆಂದು ಪಕ್ಕದಲ್ಲಿ ಕೂತವರು ನಕ್ಕರು.

ಆ ತಿಂಗಳಿನಲ್ಲೇ ಜಿಂಬಾಬ್ವೆಯ ವಿರುದ್ಧ ಆಡಿದ ಪಂದ್ಯಗಳೊಂದಿಗೆ ಅವರ ಟೆಸ್ಟ್ ಬಾಳು ಮುಗಿಯಿತು. ೨೦೦೧ರಲ್ಲಿ ಒಂದು ದಿನದ ಪಂದ್ಯಗಳೂ ಮುಗಿದವು. ಆ ವರ್ಷದ ವಸಂತದಲ್ಲಿ ಹರಭಜನ ಸಿಂಗ್ ಆಸ್ಟ್ರೇಲಿಯದ ಮೇಲೆ ಮೂರು ಟೆಸ್ಟುಗಳಲ್ಲಿ ೩೨ ವಿಕೆಟ್ಟು ಕಿತ್ತರು. ಕುಂಬ್ಳೆ ಇದ್ದೇ ಇದ್ದರು. ಎಡಗೈಗೆ ಮುರಳಿ ಕಾರ್ತಿಕ ಬಂದಿದ್ದರು. ೧೫ ಟೆಸ್ಟು, ೪೧ ವಿಕೆಟ್ಟು, ೩೫೨ ಓಟ. ಒಂದು ದಿನದ ಪಂದ್ಯ ೬೯, ವಿಕೆಟ್ಟೂ ೬೯, ಓಟ ೫೮೪. ಇಲ್ಲಿ ಯಾರ ಮೇಲೂ ದೂರಿಲ್ಲ. ಬೇರೆಯವರು ಚೆನ್ನಾಗಿ ಆಡಿದರು, ಅಷ್ಟೆ. ಆದರೂ ಸವ್ಯಸಾಚಿಯನ್ನು ತೂಗುವ ತಕ್ಕಡಿಯಲ್ಲಿ ಏನೋ ಒಂದು ಐಬು ಇದೆಯೆಂದು ನನಗೆ ಆಗಾಗ ಅನಿಸುವುದುಂಟು. ಅವನ ದಾಂಡುಗಾರಿಕೆಯನ್ನು ಬರೀ ದಾಂಡಿಗರ ಪಕ್ಕದಲ್ಲಿಟ್ಟು ತೂಗಿ ‘ಸ್ವಲ್ಪ ಕಮ್ಮಿ’ ಎನ್ನುತ್ತಾರೆ. ಬೋಲಿಂಗನ್ನು ಬರೀ ಬೋಲರುಗಳ ಪಕ್ಕದಲ್ಲಿಟ್ಟು ತೂಗಿ ‘ಸ್ವಲ್ಪ ಕಮ್ಮಿ’ ಎನ್ನುತ್ತಾರೆ. ಎರಡು ಕಮ್ಮಿ ಸೇರಿದರೆ ಒಂದು ಪೂರ್ತಿ ಆದೀತೆಂದು ಕೂಡಿಸಿ ನೋಡುವವರು ವಿರಳ. ಭಾರದ್ವಾಜರು ಆಡಿದ್ದು ಮೂರು ಟೆಸ್ಟು, ಹತ್ತು ಒಂದು ದಿನದ ಪಂದ್ಯ.

ತಕ್ಕಡಿ ಸರಿಯಿದ್ದಾಗಲೂ ಅವನ ಪಾಡು ಸುಖದ್ದಲ್ಲ. ೧೯೫೨ರಲ್ಲಿ ವಿನೂ ಮಂಕಡ್ ಇಂಗ್ಲೆಂಡಿನ ಹ್ಯಾಸ್ಲಿಂಗ್ಡನ್ ಎಂಬ ಊರಿನ ಕ್ಲಬ್ಬಿಗೆ ಸಂಬಳದ ಆಟಗಾರರಾಗಿದ್ದರು. ಭಾರತ ತಂಡ ಕಷ್ಟದಲ್ಲಿತ್ತು. ಕ್ಲಬ್ಬಿನವರ ಅಪ್ಪಣೆ ಪಡೆದು ಅವರನ್ನು ಲಾರ್ಡ್ಸ್ ಟೆಸ್ಟಿಗೆ ಕರೆಸಿಕೊಂಡರು. ಅವರೂ ಎಡಗೈ ಸ್ಪಿನ್ನರರೇ. ಮೊದಲ ಸರದಿಯಲ್ಲಿ ೭೨ ಹೊಡೆದು, ಆಮೇಲೆ ೭೩ ಓವರು ಚೆಂಡು ಹಾಕಿ ೫ ವಿಕೆಟ್ಟು ತೆಗೆದು, ಬೆವರು ಆರುವ ಮೊದಲೇ ದಾಂಡು ಹಿಡಿದು ೧೮೪ ಹೊಡೆದರು. ಭಾರತ ಸೋತಿತು. ಇಷ್ಟು ಮಾಡಿದವನ ತಂಡವೂ ಸೋಲುವುದುಂಟೆಂಬುದು ಕಹಿಯಾದರೂ ತಿಳಿದಿರಬೇಕಾದ ಮಾತು. ಒಬ್ಬನಿಗೆ ಎರಡು ಕೈ ಇದ್ದ ಮಾತ್ರಕ್ಕೆ ಹನ್ನೊಂದು ಜನರ ಕೆಲಸ ಮುಗಿಯುವುದಿಲ್ಲ.

ಇಷ್ಟೆಲ್ಲ ಲೆಕ್ಕ ನನ್ನ ನಾಲಗೆಯ ಮೇಲೆ ಇರುವುದಕ್ಕೆ ಒಂದು ಮನೆಯ ಕಾರಣವೂ ಉಂಟು. ನನ್ನ ತಂಗಿಯನ್ನು ಯಲ್ಲಾಪುರದ ಕಡೆಗೆ ಕೊಟ್ಟಿದೆ. ಅವಳ ಮಗನಿಗೆ ಹದಿನಾಲ್ಕು ವರ್ಷ, ಸೋದರಮಾವನಂತೆ ಎಡಚ. ಈಗಿನ ಕಾಲ, ಅವನ ಊಟದ ಕೈಗೆ ಯಾರೂ ಸೌಟಿನಿಂದ ಹೊಡೆದಿಲ್ಲ. ಹುಡುಗ ದಾಂಡೂ ಬೀಸುತ್ತಾನೆ, ಚೆಂಡೂ ತಿರುಗಿಸುತ್ತಾನೆ. ಹಿಂದಿನ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ನೆಂಟರ ಮನೆಯಲ್ಲಿದ್ದು ಒಂದು ಶಿಬಿರಕ್ಕೆ ಹೋಗಿ ಬಂದ. ಅಲ್ಲಿ ಕಲಿಸುವವರು, “ಎರಡು ದೋಣಿಯಲ್ಲಿ ಕಾಲಿಡಬೇಡ, ದಾಂಡೋ ಚೆಂಡೋ ಒಂದನ್ನು ಆರಿಸಿಕೋ” ಎಂದರಂತೆ. ಮನೆಗೆ ಬಂದರೆ ಅಪ್ಪ, “ಆಟವೋ ಓದೋ ಒಂದನ್ನು ಹಿಡಿ” ಎಂದ. ಅಜ್ಜ, “ತೋಟ ನೋಡುವವರು ಯಾರು?” ಎಂದರು. ಹುಡುಗ ಮೂರು ಕಡೆಯಿಂದಲೂ ಒಂದೇ ಮಾತು ಕೇಳಿ ಕೊನೆಗೆ ನನ್ನಲ್ಲಿ ಬಂದ. “ಮಾವ, ಅಪ್ಪನ ಹತ್ರ ನೀನೇ ಹೇಳು. ನಿನ್ ಮಾತು ಕೇಳ್ತ.”

ಕೇಳುವವನಾಗಿದ್ದರೆ ಅವನು ನನ್ನ ಭಾವನೇ ಅಲ್ಲ. ಆದರೂ ಹೋದೆ. ಅಟ್ಟದ ಮೇಲೆ ಅಡಿಕೆ ಚೀಲ ಎಣಿಸುತ್ತಿದ್ದ ಭಾವನನ್ನು ಕೆಳಗೆ ಕರೆದು ಕೂರಿಸಿದೆ. ಉಪದೇಶ ಮಾಡಿದರೆ ಪ್ರಯೋಜನವಿಲ್ಲ. ಅಡಿಕೆಯವನಿಗೆ ಅಂಕಿ ತೋರಿಸಬೇಕು. ಸೊಸೈಟಿಯ ಹಳೆಯ ಚೀಟಿಯ ಬೆನ್ನಿನ ಮೇಲೆ ಜಮಾ ಖರ್ಚಿನ ಹಾಗೆ ಎರಡು ಕಂಬ ಎಳೆದು, ಒಂದು ಕಡೆ ಜೋಶಿಯವರ ಓಟ, ಇನ್ನೊಂದು ಕಡೆ ವಿಕೆಟ್ಟು ಬರೆದೆ. ಢಾಕಾದ ಕಥೆ ಹೇಳಿದೆ. ಅದಾದ ತಿಂಗಳಿನಲ್ಲೇ ಟೆಸ್ಟ್ ಮುಗಿದುದನ್ನೂ ಮುಚ್ಚಿಡಲಿಲ್ಲ. ಹುಡುಗನ ಪರವಾಗಿ ಸುಳ್ಳು ಸಾಕ್ಷಿ ಹೇಳುವುದು ನನಗೆ ಬೇಕಿರಲಿಲ್ಲ.

ಭಾವ ಚೀಟಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ, “ಫಸಲು ಬಂದ ವರ್ಷನೇ ಕೊಳೆ ಬಂದಾಂಗ ಆತಲಾ ಭಾವ” ಎಂದ.

ಈ ಒಂದು ಮಾತಿಗೆ ನಾನು ತಯಾರಾಗಿರಲಿಲ್ಲ. ಕ್ರಿಕೆಟ್ ಬರೆಯುವ ದೊಡ್ಡ ದೊಡ್ಡ ಲೇಖಕರು ಯಾರೂ ಅದನ್ನು ಇಷ್ಟು ಸರಿಯಾಗಿ ಹೇಳಿದ್ದು ನನಗೆ ನೆನಪಿಲ್ಲ. ಸಸಿ ನೆಟ್ಟು ಆರೇಳು ವರ್ಷ ನೀರು, ಗೊಬ್ಬರ, ಸೊಪ್ಪು ಹೊತ್ತು, ಮೊದಲ ಒಳ್ಳೆಯ ಕೊನೆ ಬಿಟ್ಟ ವರ್ಷವೇ ಮಳೆ ಬಿಡದೆ ಸುರಿದು, ಹಸಿರು ಅಡಿಕೆ ಪಟಪಟನೆ ಬುಡಕ್ಕೆ ಉದುರುವುದನ್ನು ನೋಡಿದವನಿಗೆ ೨೦೦೦ದ ನವೆಂಬರ್ ಏನೆಂದು ಬೇರೆ ವಿವರಿಸಬೇಕಾಗಿಲ್ಲ.

“ಆಮೇಲೆ ಎಂತ ಮಾಡ್ದ ಅಂವ?” ಎಂದು ಭಾವನೇ ಕೇಳಿದ. ನಾನು ಕಾದದ್ದು ಈ ಪ್ರಶ್ನೆಗೇ. ಕೊಳೆ ಬಂತೆಂದು ತೋಟ ಕಡಿದು ಹಾಕಿದವರನ್ನು ನಾವು ಕಂಡಿಲ್ಲ. ಮುಂದಿನ ವರ್ಷ ಮತ್ತೆ ಮೈಲುತುತ್ತ, ಸುಣ್ಣ ಕಲಸುತ್ತಾರೆ, ಮತ್ತೆ ಮದ್ದು ಹೊಡೆಸುತ್ತಾರೆ. ಜೋಶಿಯವರು ಮಾಡಿದ್ದೂ ಅದನ್ನೇ. ದೇಶದ ತಂಡದ ಬಾಗಿಲು ಮುಚ್ಚಿದ ಮೇಲೆ ಸುಮಾರು ಹತ್ತು ವರ್ಷ, ಹೆಚ್ಚು ಜನ ನೋಡದ ಪಂದ್ಯಗಳಲ್ಲಿ ಚೆಂಡು ತಿರುಗಿಸಿದರು, ದಾಂಡು ಬೀಸಿದರು. ೨೦೧೨ರಲ್ಲಿ ನಿವೃತ್ತಿ ಹೇಳುವಾಗ ಮೊದಲ ದರ್ಜೆಯ ೧೬೦ ಪಂದ್ಯಗಳಲ್ಲಿ ೬೧೫ ವಿಕೆಟ್ಟು, ೫,೧೨೯ ಓಟ ಅವರ ಹೆಸರಿನಲ್ಲಿದ್ದವು. ಢಾಕಾದ ಪಂದ್ಯ ಒಂದು ವರ್ಷದ ಫಸಲು, ಇದು ತೋಟ.

ಇನ್ನು, ಆಗಲೇ ಹೇಳುತ್ತೇನೆಂದ ನೆಪಗಳ ಸಂಗತಿ. ಆಟ ಬಿಟ್ಟ ಮೇಲೆ ಅವರು ಕಲಿಸುವ ಕೆಲಸಕ್ಕೆ ಹೋದರು. ೨೦೧೪ರಲ್ಲಿ ಜಮ್ಮು ಕಾಶ್ಮೀರ ತಂಡದ ಗುರುವಾಗಿದ್ದರು. ಆ ಸೆಪ್ಟೆಂಬರಿನಲ್ಲಿ ಕಾಶ್ಮೀರದಲ್ಲಿ ಭಾರಿ ಪ್ರವಾಹ. ಶ್ರೀನಗರದ ಮೈದಾನವೇ ನೀರಿನಲ್ಲಿ ಮುಳುಗಿತು. ಅಲ್ಲಿಯೂ ಬೆಟ್ಟದ ಸೀಮೆ, ಅಲ್ಲಿಯೂ ವರ್ಷದ ಅರ್ಧ ಆಟವಿಲ್ಲ. ನಮಗೆ ಮಳೆ, ಅವರಿಗೆ ಹಿಮ. ಅಂಥ ಹುಡುಗರು ಆ ಡಿಸೆಂಬರಿನಲ್ಲಿ ಮುಂಬಯಿಗೆ ಹೋಗಿ ವಾಂಖೆಡೆಯಲ್ಲಿ ಮುಂಬಯಿ ತಂಡವನ್ನೇ ರಣಜಿ ಪಂದ್ಯದಲ್ಲಿ ಸೋಲಿಸಿದರು. ಮುಂಬಯಿ ಆ ಹೊತ್ತಿಗೆ ನಲವತ್ತು ಸಲ ರಣಜಿ ಗೆದ್ದ ತಂಡ. ಕಾಶ್ಮೀರದ ನಾಯಕ ಪರ್ವೇಜ್ ರಸೂಲ್ ಕೂಡ ಎರಡು ಕೈಯ ಆಟಗಾರನೇ. ಇಳಿಜಾರು, ಮಳೆ, ದೂರ ಎಂಬ ನಮ್ಮ ಪಟ್ಟಿಯನ್ನು ಹಿಡಿದುಕೊಂಡು ಇವರ ಮುಂದೆ ನಿಲ್ಲುವುದು ಹೇಗೆ?

ಆಮೇಲೆ ಬಾಂಗ್ಲಾದೇಶದವರು ಅವರನ್ನು ಸ್ಪಿನ್ ಕಲಿಸಲು ಕರೆದರು. ೨೦೧೭ರಿಂದ ೨೦೧೯ರವರೆಗೆ ಅಲ್ಲಿದ್ದರು. ತಮ್ಮ ಅತ್ಯುತ್ತಮ ಟೆಸ್ಟನ್ನು ಯಾರ ಮೇಲೆ ಆಡಿದ್ದರೋ ಅವರ ಮಕ್ಕಳಿಗೇ ಗುರುವಾದರು. ೨೦೨೦ರ ಮಾರ್ಚಿನಲ್ಲಿ ಭಾರತ ತಂಡವನ್ನು ಆರಿಸುವ ಸಮಿತಿಯ ಅಧ್ಯಕ್ಷರಾದರು. ಆ ವರ್ಷದ ಕೊನೆಯವರೆಗೆ ತೂಗುವ ತಕ್ಕಡಿ ಅವರ ಕೈಯಲ್ಲಿತ್ತು. ಅವರ ಸಮಿತಿ ಅಕ್ಟೋಬರಿನಲ್ಲಿ ಆರಿಸಿದ ತಂಡಗಳು ಆಸ್ಟ್ರೇಲಿಯಕ್ಕೆ ಹೋದವು. ಅವುಗಳಲ್ಲಿ ವಾಷಿಂಗ್ಟನ್ ಸುಂದರ್ ಎಂಬ ತಮಿಳುನಾಡಿನ ಹುಡುಗ ಚುಟುಕು ಪಂದ್ಯಗಳಿಗಷ್ಟೆ ಆಯ್ಕೆಯಾಗಿದ್ದ. ಅವು ಮುಗಿದ ಮೇಲೆ ಅಭ್ಯಾಸಕ್ಕೆ ಚೆಂಡು ಹಾಕಲೆಂದು ಅವನನ್ನು ಅಲ್ಲೇ ಉಳಿಸಿಕೊಂಡರು. ತಂಡದಲ್ಲಿ ಒಬ್ಬರ ಮೇಲೊಬ್ಬರು ಗಾಯಗೊಂಡು, ೨೦೨೧ರ ಜನವರಿಯಲ್ಲಿ ಬ್ರಿಸ್ಬೇನಿನ ಟೆಸ್ಟಿಗೆ ಅವನನ್ನೇ ಇಳಿಸಬೇಕಾಯಿತು. ಆರು ವಿಕೆಟ್ಟಿಗೆ ೧೮೬ ಆಗಿದ್ದಾಗ ಸುಂದರ್ ಮತ್ತು ಶಾರ್ದೂಲ ಠಾಕೂರ್ ಏಳನೆಯ ವಿಕೆಟ್ಟಿಗೆ ೧೨೩ ಸೇರಿಸಿದರು. ಚೆಂಡಿಗಾಗಿ ತಂಡಕ್ಕೆ ಬಂದ ಇಬ್ಬರು ದಾಂಡಿನಿಂದ ತಂಡವನ್ನು ಉಳಿಸಿದರು. ಭಾರತ ಆ ಪಂದ್ಯವನ್ನೂ ಸರಣಿಯನ್ನೂ ಗೆದ್ದಿತು. ಆರು ವಿಕೆಟ್ಟು ಬಿದ್ದ ಮೇಲೆ ಬರುವವನ ಬೆಲೆ ಏನೆಂದು ಢಾಕಾದಲ್ಲಿ ತೋರಿಸಿದ್ದವರು ಅದನ್ನು ನೋಡುವಾಗ ಏನೆಂದುಕೊಂಡರೋ. ನನಗಂತೂ ಚಪ್ಪರದ ಕೆಳಗಿನ ರೇಡಿಯೋ ನೆನಪಾಯಿತು.

ಇದನ್ನೆಲ್ಲ ಕೇಳಿದ ಭಾವ ತಕ್ಷಣ ಒಪ್ಪಿದನೆಂದು ತಿಳಿಯಬೇಡಿ. ಕಥೆಗಳಲ್ಲಿ ಹಾಗೆ ಒಪ್ಪುತ್ತಾರೆ, ಮನೆಗಳಲ್ಲಿ ಒಪ್ಪುವುದಿಲ್ಲ. ಅವನ ಕಡೆಯ ನ್ಯಾಯವೂ ಸಣ್ಣದಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ಒಂದಾದ ಮೇಲೊಂದು ಮನೆಯ ಮಕ್ಕಳು ಬೆಂಗಳೂರು ಸೇರಿ, ದೊಡ್ಡ ದೊಡ್ಡ ಮನೆಗಳಲ್ಲಿ ಮುದುಕರು ಇಬ್ಬರೇ ಉಳಿದಿದ್ದಾರೆ. ತೋಟದ ಕೆಲಸಕ್ಕೆ ಜನ ಸಿಕ್ಕುವುದಿಲ್ಲ. ಮರ ಹತ್ತುವ ಕೊನೆಗೌಡನಿಗೆ ವಾರಗಟ್ಟಲೆ ಕಾಯಬೇಕು. ಇರುವ ಒಬ್ಬ ಮಗನನ್ನು ನಲವತ್ತು ಮೈಲಾಚೆ ಚೆಂಡಿನ ಹಿಂದೆ ಕಳಿಸು ಎಂದು ಹೇಳುವುದು ಸೋದರಮಾವನಿಗೆ ಸುಲಭ. ಲಕ್ಷ ಹುಡುಗರಲ್ಲಿ ಒಬ್ಬನಿಗೆ ದೇಶದ ಟೋಪಿ ಸಿಕ್ಕೀತು. ಹತ್ತಾರು ಜನರಿಗೆ ರಣಜಿ. ಉಳಿದವರಿಗೆ ಮೊಣಕಾಲು ನೋವು ಮತ್ತು ನೆನಪು. ಸವ್ಯಸಾಚಿಯನ್ನು ಹೊಗಳುವಾಗ ಈ ಮಾತನ್ನು ಮರೆತರೆ ನಾವು ಹೊಗಳಿದ್ದು ಸುಳ್ಳಾಗುತ್ತದೆ.

“ಆಟ ಆಡದು ಬ್ಯಾಡ ಹೇಳ್ತ್ನಿಲ್ಲೆ. ಆದ್ರೆ ಮನೆ ಮರ್ತು ಹೋಪಲಾಗ” ಎಂದು ಭಾವ ಕೊನೆಗೆ ಹೇಳಿದ. ಅದಕ್ಕಿಂತ ಮುಂದೆ ನಾನು ಎಳೆಯಲಿಲ್ಲ. ಈಗ ಹುಡುಗ ಶನಿವಾರ ಶಾಲೆ ಬಿಟ್ಟ ಮೇಲೆ ಹುಬ್ಬಳ್ಳಿಯ ಬಸ್ಸು ಹತ್ತುತ್ತಾನೆ, ಭಾನುವಾರ ಸಂಜೆಗೆ ತಿರುಗಿ ಬರುತ್ತಾನೆ. ಕೊಯ್ಲಿನ ವಾರಗಳಲ್ಲಿ ಹೋಗುವುದಿಲ್ಲ. ಕಲಿಸುವವರ ಮುಂದೆ ದಾಂಡೂ ಹಿಡಿಯುತ್ತಾನೆ, ಚೆಂಡೂ ಹಿಡಿಯುತ್ತಾನೆ. ಆರಿಸಿಕೋ ಎಂದರೆ ತಲೆ ಅಲ್ಲಾಡಿಸಿ ಸುಮ್ಮನಿರುತ್ತಾನಂತೆ. ಅವನು ಎಲ್ಲಿಗೆ ಮುಟ್ಟುತ್ತಾನೋ ಯಾರು ಬಲ್ಲರು? ಬಹುಶಃ ನಾಳೆ ಶಿರಸಿಯಲ್ಲೋ ಸಿದ್ದಾಪುರದಲ್ಲೋ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಒಂದು ಬಹುಮಾನ ಗೆದ್ದು, ಅದನ್ನು ಪಡಸಾಲೆಯ ಗೂಡಿನಲ್ಲಿಟ್ಟು, ಮರುದಿನ ಬೆಳಿಗ್ಗೆ ತೋಟದ ಕಾಲುವೆ ಬಿಡಿಸಲು ಹೋದಾನು. ಅದೂ ಒಂದು ಎರಡು ಕೈಯ ಬಾಳೇ.

ನನ್ನ ಆಸೆ ಇಷ್ಟೆ. ಒಂದು ಕೆಲಸದಲ್ಲಿ ಪೂರ್ತಿ ಮುಳುಗಿದವರನ್ನು ಲೋಕ ಗೌರವಿಸುತ್ತದೆ, ಗೌರವಿಸಬೇಕಾದದ್ದೇ. ಆದರೆ ಎರಡು ಕೆಲಸವನ್ನು ಹೊತ್ತವನು ಎರಡರಲ್ಲಿಯೂ ಅರ್ಧ ಎಂದು ಮೊದಲೇ ತೀರ್ಪು ಕೊಡುವುದು ಬೇಡ. ಮೇಲಿನ ಆರು ಜನ ಔಟಾಗಿ, ನೆರಳು ಉದ್ದವಾಗಿ, ಇನ್ನೂ ನೂರು ಓಟ ಬೇಕಾದ ಹೊತ್ತಿಗೆ ಒಳಗಿನಿಂದ ಎದ್ದು ಬರುವವನೊಬ್ಬನು ತಂಡಕ್ಕೂ ಬೇಕು, ಮನೆಗೂ ಬೇಕು. ಅವನಿಗೆ ಆ ದಿನ ಬರಲಿ, ಬಾರದಿರಲಿ, ಎರಡು ಕೈಯನ್ನೂ ಸಾಣೆ ಹಿಡಿದಿಟ್ಟುಕೊಂಡು ಕಾಯುವುದಕ್ಕೆ ಒಂದಿಷ್ಟು ವರ್ಷ ಬಿಟ್ಟುಕೊಡೋಣ. ಹದಿನಾಲ್ಕು ವರ್ಷದ ಹುಡುಗನನ್ನು ಹಿಡಿದು ನಿಲ್ಲಿಸಿ, ಯಾವ ಕೈ ನಿನ್ನದು ಎಂದು ಕೇಳುವುದಕ್ಕೆ ಇನ್ನೂ ಹೊತ್ತಿದೆ.